ಚೆನ್ನಾಗಿ ಆಡಿದವನ ಮೇಲೊಂದು ರೂಲು

ಪಂಕಜ್ ಅಡ್ವಾಣಿ ಗೆದ್ದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ನಂಬರ್ ಬರುತ್ತೆ. ಇಪ್ಪತ್ತನೇ ವಿಶ್ವ ಕಿರೀಟ, ಇಪ್ಪತ್ತೈದನೇ ವಿಶ್ವ ಕಿರೀಟ, ಹೀಗೆ. ಸುದ್ದಿ ಮೂರು ಪ್ಯಾರಾ, ಫೋಟೋ ಒಂದು, ಅಷ್ಟಕ್ಕೆ ಮುಗೀತು. ಯಾವ ಆಟ, ಎಷ್ಟು ಹೊತ್ತಿನ ಆಟ, ಎದುರಿಗೆ ಯಾರಿದ್ದರು ಅನ್ನೋದು ಕೊನೆಯ ಸಾಲಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಮ್ಮ ಬೈರಕೂರು ಕಡೆ ಕೇರಂ ಬೋರ್ಡಿಗೆ ಪೌಡರ್ ಹಾಕಿಕೊಂಡು ಆಡೋ ಹುಡುಗರಿಗೆ ಈ ನಂಬರಿನಿಂದ ಏನೂ ತಿಳಿಯಲ್ಲ. ತಿಳಿಯಬೇಕಾದ್ದು ತುಂಬಾ ಇದೆ, ಅದಕ್ಕೇ ಈ ಬರಹ.

ಮೊದಲು ಆಟ ಏನು ಅಂತ ನೋಡೋಣ. ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಮೂರೇ ಬಾಲು. ಆಟಗಾರನಿಗೊಂದು, ಎದುರಾಳಿಗೊಂದು, ನಡುವೆ ಒಂದು ಕೆಂಪು. ನಿಮ್ಮ ಬಾಲು ಉಳಿದೆರಡಕ್ಕೂ ತಾಗಿದರೆ ಕ್ಯಾನನ್, 2 ಪಾಯಿಂಟ್. ಕೆಂಪನ್ನು ಪಾಕೆಟ್ಟಿಗೆ ಬೀಳಿಸಿದರೆ 3. ನಿಮ್ಮ ಬಾಲೇ ಕೆಂಪಿಗೆ ತಾಗಿ ಪಾಕೆಟ್ಟಿಗೆ ಬಿದ್ದರೆ ಅದಕ್ಕೂ 3. ಕೇರಂನಲ್ಲಿ ಸ್ಟ್ರೈಕರ್ ಬಿದ್ದರೆ ದಂಡ, ಇಲ್ಲಿ ಬಹುಮಾನ! ತಪ್ಪೋವರೆಗೂ ನಿಮ್ಮದೇ ಸರದಿ. ಎದುರಾಳಿ ಕುರ್ಚಿಯಲ್ಲಿ ಕೂತು ನೋಡ್ತಾ ಇರಬೇಕು, ಅಷ್ಟೇ. ಈ ಕೊನೆಯ ಮಾತು ನೆನಪಿರಲಿ. ಈ ಆಟದ ಪ್ರೊಫೆಷನಲ್ ಚಾಂಪಿಯನ್‌ಶಿಪ್ಪಿನ ಇತಿಹಾಸವೆಲ್ಲ ಆ ಕುರ್ಚಿಯಲ್ಲಿ ಕೂತವನ ಮತ್ತು ಟಿಕೆಟ್ ಕೊಂಡು ಬಂದವನ ಬೇಸರದ ಇತಿಹಾಸ ಅಂತ ನನ್ನ ವಾದ.

1870ರ ಫೆಬ್ರವರಿಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಹಾಲ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್ ಪಂದ್ಯ ನಡೆಯಿತು. ಆಗ ದೊಡ್ಡ ಹೆಸರು ಜಾನ್ ರಾಬರ್ಟ್ಸ್ ಸೀನಿಯರ್. ಕೆಂಪು ಬಾಲನ್ನು ಒಂದೇ ಜಾಗದಿಂದ ಮತ್ತೆ ಮತ್ತೆ ಪಾಕೆಟ್ಟಿಗೆ ಕಳಿಸೋ ಸ್ಪಾಟ್ ಸ್ಟ್ರೋಕ್‌ನಲ್ಲಿ ಎತ್ತಿದ ಕೈ. ಆ ಪಂದ್ಯಕ್ಕೆ ಪಾಕೆಟ್ಟಿನ ಬಾಯನ್ನು 3 ಇಂಚಿಗೆ ಇಳಿಸಿದರು, ಸ್ಪಾಟ್ ಸ್ಟ್ರೋಕ್ ಕಷ್ಟವಾಗಲಿ ಅಂತ. ಗೆದ್ದದ್ದು ಕಿರಿಯ ವಿಲಿಯಂ ಕುಕ್. ಅಂದರೆ ಈ ಚಾಂಪಿಯನ್‌ಶಿಪ್ ಹುಟ್ಟಿದ ದಿನವೇ ಚೆನ್ನಾಗಿ ಆಡುವವನ ಕೈ ಕಟ್ಟುವ ಕೆಲಸವೂ ಶುರುವಾಯಿತು.

ಆಮೇಲಿನದ್ದು ಇದರ ಮುಂದುವರಿಕೆ. 1907ರಲ್ಲಿ ಟಾಮ್ ರೀಸ್ ಅನ್ನೋರು ಪಾಕೆಟ್ಟಿನ ಬಾಯಲ್ಲಿ ಎರಡು ಬಾಲು ನಿಲ್ಲಿಸಿಕೊಂಡು, ಅವು ಅಲುಗಾಡದ ಹಾಗೆ ಕ್ಯಾನನ್ ಮೇಲೆ ಕ್ಯಾನನ್ ಹೊಡೆದು 4,99,135 ಪಾಯಿಂಟಿನ ಬ್ರೇಕ್ ಮಾಡಿದರು. ವಾರಗಟ್ಟಲೆ ನಡೆದ ಒಂದೇ ಸರದಿ! ಎದುರಾಳಿಯ ಗತಿ ಯೋಚಿಸಿ. ಆ ಹೊಡೆತವನ್ನೇ ನಿಷೇಧಿಸಿದರು. 1932ರಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್, ಜೋ ಡೇವಿಸ್ ಎದುರು 4,137ರ ಬ್ರೇಕ್ ಮಾಡಿದರು. ಮೂರು ಬಾಲನ್ನೂ ಕುಶನ್ನಿಗೆ ಒತ್ತಿಕೊಂಡು, ಅಂಗೈ ಅಗಲದಲ್ಲಿ ಇಟ್ಟುಕೊಂಡು, ಹಸು ಕರೆಯೋ ಹಾಗೆ ಪಾಯಿಂಟ್ ಕರೆಯೋ ಆಟ ಅವರದು. ಅದಕ್ಕೂ ರೂಲು ಬಂತು: ಇಂತಿಷ್ಟು ಪಾಯಿಂಟಿಗೊಮ್ಮೆ ಬಾಲು ಆ ತುದಿಯ ಬಾಕ್ ಲೈನ್ ದಾಟಲೇಬೇಕು.

ಇದನ್ನು ಬರೀ ಹೊಟ್ಟೆಕಿಚ್ಚು ಅನ್ನೋಕೆ ಆಗಲ್ಲ. ಟಿಕೆಟ್ ಕೊಂಡವನಿಗೆ ಆಟ ಕಾಣಬೇಕು ತಾನೇ? ಆದರೆ ರೂಲು ಬದಲಾಯಿಸಿದ್ದರಿಂದ ಜನ ಉಳಿದರಾ? ಇಲ್ಲ. ಸ್ನೂಕರ್ ಕಡೆ ಹೋದರು. ಸ್ನೂಕರ್ 1875ರಲ್ಲಿ ನಮ್ಮ ಜಬಲ್ಪುರದ ಮಿಲಿಟರಿ ಮೆಸ್ಸಿನಲ್ಲಿ ಹುಟ್ಟಿ, ಊಟಿ ಕ್ಲಬ್ಬಿನಲ್ಲಿ ರೂಲ್ಸು ಕಂಡ ಆಟ ಅನ್ನೋದು ಬೇರೆ ತಮಾಷೆ. 1927ರಲ್ಲಿ ಮೊದಲ ವಿಶ್ವ ಸ್ನೂಕರ್ ಗೆದ್ದದ್ದು ಇದೇ ಜೋ ಡೇವಿಸ್. ಬಿಲಿಯರ್ಡ್ಸ್ ಚಾಂಪಿಯನ್ನೂ ಆದವರೇ ಜನರನ್ನು ಆಚೆ ಕರೆದೊಯ್ದರು. 1934ರ ನಂತರ ಬಿಲಿಯರ್ಡ್ಸ್‌ನ ಪ್ರೊಫೆಷನಲ್ ಕಿರೀಟಕ್ಕೆ ಪಂದ್ಯವೇ ಇಲ್ಲ. 1951ರಲ್ಲಿ ನ್ಯೂಜಿಲೆಂಡಿನ ಕ್ಲಾರ್ಕ್ ಮೆಕಾನಕಿ ಗೆದ್ದರು. ಮುಂದಿನ ಪಂದ್ಯ 1968ರಲ್ಲಿ! ಅಷ್ಟೊತ್ತಿಗೆ ಅವರಿಗೆ 73 ವರ್ಷ, ಕೈ ನಡುಗುವ ಕಾಯಿಲೆ ಬೇರೆ. ರೆಕ್ಸ್ ವಿಲಿಯಮ್ಸ್ ಬಂದು ಗೆದ್ದುಕೊಂಡು ಹೋದರು. ಹದಿನೇಳು ವರ್ಷ ಯಾರೂ ಕೇಳದ ಕಿರೀಟ ಅದು. ಎಲ್ಲರೂ ಸೇರಿ ಆಡುವ ಟೂರ್ನಮೆಂಟಾಗಿ ಮತ್ತೆ ಶುರುವಾದದ್ದು 1980ರಲ್ಲಿ.

ಭಾರತದವರು ಪ್ರವೇಶಿಸಿದ್ದು ಈ ಪಾಳು ಮನೆಗೆ. ಅಮೆಚೂರ್ ವಿಭಾಗದಲ್ಲಿ ವಿಲ್ಸನ್ ಜೋನ್ಸ್ 1958ರಲ್ಲೇ ಕಲ್ಕತ್ತಾದಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಮೈಕೆಲ್ ಫೆರೇರಾ ಮೂರು ಸಲ ಗೆದ್ದರು. 1981ರಲ್ಲಿ ಪದ್ಮಶ್ರೀ ಕೊಟ್ಟಾಗ, ಗವಾಸ್ಕರ್‌ಗೆ ಪದ್ಮಭೂಷಣ ಆದರೆ ನನಗ್ಯಾಕೆ ಕಮ್ಮಿ ಅಂತ ಬೇಡ ಅಂದವರು ಅವರು. ಕೊನೆಗೆ 1983ರಲ್ಲಿ ಪದ್ಮಭೂಷಣವೇ ಬಂತು. ಪ್ರೊಫೆಷನಲ್ ಕಿರೀಟ ತಂದವರು ಗೀತ್ ಸೇಥಿ: 1992, 1993, 1995, 1998, 2006. 1992ರ ಆ ಚಾಂಪಿಯನ್‌ಶಿಪ್ಪಿನಲ್ಲಿ ಅವರ ಒಂದು ಬ್ರೇಕ್ 1,276. ಆಮೇಲೆ ನಮ್ಮ ಬೆಂಗಳೂರಿನ ಹುಡುಗ. ಅರವಿಂದ್ ಸವೂರ್ ಕೈಯಲ್ಲಿ, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್ ಮೇಲೆ ಬೆಳೆದ ಅಡ್ವಾಣಿ 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ, ಇಂಗ್ಲಿಷರ ದೈತ್ಯ ಮೈಕ್ ರಸೆಲ್ ಅವರನ್ನು 2030–1253ರಿಂದ ಸೋಲಿಸಿದರು. 2012ರಲ್ಲಿ ಅದೇ ಊರು, ಅದೇ ಎದುರಾಳಿ, ಮತ್ತೆ ಗೆಲುವು.

ಈಗ ನನ್ನ ತಕರಾರಿಗೆ ಬರ್ತೀನಿ. ನಮ್ಮ ಕಾಲದಲ್ಲೂ ಒಂದು ಪಾಕೆಟ್ ಕಿರಿದು ಮಾಡಿದ್ದಾರೆ. ಅದರ ಹೆಸರು 150-ಅಪ್. ಚಿಕ್ಕ ಚಿಕ್ಕ ಫ್ರೇಮು, ಯಾರು ಮೊದಲು 150 ಮುಟ್ಟುತ್ತಾರೋ ಅವರದ್ದು ಆ ಫ್ರೇಮು. ಟಿವಿಗೆ ಚೆಂದ, ನೋಡೋರಿಗೆ ಸುಲಭ. ಆದರೆ ಲೆಕ್ಕ ಹಾಕಿ: 150ಕ್ಕೆ ಫ್ರೇಮೇ ಮುಗಿಯುತ್ತೆ ಅಂದಮೇಲೆ ಸೇಥಿಯ 1,276 ಇಲ್ಲಿ ಹುಟ್ಟೋಕೇ ಸಾಧ್ಯ ಇಲ್ಲ. ಕೆಟ್ಟದಾಗಿ ಆಡಿದ್ದಕ್ಕಲ್ಲ, ಜಾಗ ಇಲ್ಲದ್ದಕ್ಕೆ. ಗಂಟೆಗಟ್ಟಲೆ ಆಡುವ ಟೈಮ್ ಫಾರ್ಮ್ಯಾಟ್‌ನಲ್ಲಿ ಮಾತ್ರ ಅಂಥ ಬ್ರೇಕಿಗೆ ಉಸಿರು. ಒಂದು ಹರಿಕಥೆ, ಇನ್ನೊಂದು ಚುಟುಕ. ಎರಡಕ್ಕೂ ಬೆಲೆ ಇದೆ, ಒಂದೇ ತಕ್ಕಡಿಯಲ್ಲಿ ತೂಗಬಾರದು ಅಷ್ಟೇ.

ಪತ್ರಿಕೆಯ ನಂಬರ್ ಮಾಡೋದು ಅದನ್ನೇ. ಅಡ್ವಾಣಿಯ ಇಪ್ಪತ್ತು ಚಿಲ್ಲರೆ ಕಿರೀಟಗಳಲ್ಲಿ ಸ್ನೂಕರ್ ಇದೆ, ಆರೇ ಕೆಂಪು ಬಾಲಿನ ಸಿಕ್ಸ್-ರೆಡ್ ಇದೆ, ಟೀಮ್ ಪ್ರಶಸ್ತಿ ಇದೆ, ಬಿಲಿಯರ್ಡ್ಸ್‌ನ ಎರಡೂ ಬಗೆ ಇದೆ. ರಾಗಿ, ಜೋಳ, ಹುರುಳಿ ಎಲ್ಲ ಒಂದೇ ಮೂಟೆಗೆ ಸುರಿದು ಎಷ್ಟು ಕೆಜಿ ಅಂತ ಹೇಳಿದ ಹಾಗೆ. ಬಿಲಿಯರ್ಡ್ಸ್ ಆಡೋ ದೇಶಗಳೇ ಕಮ್ಮಿ, ಫೈನಲಿನಲ್ಲಿ ಅವವೇ ಮುಖ ಅಂತ ಮೂಗು ಮುರಿಯೋರಿಗೂ ಈ ಮೂಟೆಯೇ ದಾರಿ ಮಾಡಿಕೊಡುತ್ತೆ. ಅವರ ಮಾತಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಸತ್ಯ. ಅಡ್ವಾಣಿ 2012ರಿಂದ ಎರಡು ವರ್ಷ ಸ್ನೂಕರಿನ ಪ್ರೊಫೆಷನಲ್ ಸರ್ಕ್ಯೂಟಿನಲ್ಲೂ ಆಡಿ, 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಅಲ್ಲಿ ಕಿರೀಟ ಸಿಗಲಿಲ್ಲ, ಹಾಗಾಗಿ ಮೂಟೆಗೂ ಸೇರಲಿಲ್ಲ. ಕಷ್ಟದ ಕೆಲಸ ಲೆಕ್ಕಕ್ಕೇ ಇಲ್ಲ, ನೋಡಿ!

ನನ್ನ ಪ್ರಕಾರ ಅಡ್ವಾಣಿಯ ದೊಡ್ಡ ನಂಬರ್ ನಾಲ್ಕು. 2005ರಲ್ಲಿ ಮಾಲ್ಟಾ, 2008ರಲ್ಲಿ ಬೆಂಗಳೂರು, 2014ರಲ್ಲಿ ಲೀಡ್ಸ್, 2018ರಲ್ಲಿ ಯಾಂಗೊನ್: ಈ ನಾಲ್ಕು ವರ್ಷ ಪಾಯಿಂಟ್ ಫಾರ್ಮ್ಯಾಟನ್ನೂ ಟೈಮ್ ಫಾರ್ಮ್ಯಾಟನ್ನೂ ಒಟ್ಟಿಗೆ ಗೆದ್ದರು. ಚುಟುಕ ಹೇಳಿದ ಬಾಯಲ್ಲೇ ಹರಿಕಥೆ. 1870ರಿಂದ ಆಟದ ಯಜಮಾನರು ಆಟಗಾರನ ಸುತ್ತ ಬೇಲಿ ಹಾಕುತ್ತಾ ಬಂದರು. ಬೇಲಿಯ ಒಳಗೂ ಹೊರಗೂ ಒಂದೇ ಸಲಕ್ಕೆ ಮೇಯ್ದು ಬಂದ ಈ ನಾಲ್ಕು ಗೆಲುವು ಆ ಇತಿಹಾಸಕ್ಕೆ ಸರಿಯಾದ ಉತ್ತರ. ಇದನ್ನು ಹೆಡ್‌ಲೈನಿನಲ್ಲಿ ಬರೆಯೋಕೆ ಏನು ಕಷ್ಟ?

ಇನ್ನೊಂದು ಬೇಲಿಯ ವಿಷಯ ಹೇಳದಿದ್ದರೆ ಈ ಇತಿಹಾಸ ಪೂರ್ತಿ ಆಗಲ್ಲ. ಅದು ಕ್ಲಬ್ಬಿನ ಗೇಟು. ನಮ್ಮ ಪಕ್ಕದ ಕೆಜಿಎಫ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಕ್ಲಬ್ಬು, ಗಾಲ್ಫು. ಚಿನ್ನ ತೆಗೆದವರಿಗೆ ಸಾಲು ಮನೆ. ಬಿಲಿಯರ್ಡ್ಸ್ ಟೇಬಲ್ 12 ಅಡಿ ಉದ್ದ, ಕಲ್ಲಿನ ಹಾಸು, ಲಕ್ಷಗಟ್ಟಲೆ ಬೆಲೆ. ಕೇರಂ ಬೋರ್ಡಿನ ಥರ ಅರಳಿಕಟ್ಟೆ ಮೇಲೆ ಇಡೋಕಾಗಲ್ಲ. ಆದರೂ ಗೇಟು ತೆರೆದಾಗ ಏನಾಗುತ್ತೆ ಅನ್ನೋದಕ್ಕೆ ಆರ್. ಉಮಾದೇವಿ ನಾಗರಾಜ್ ಸಾಕ್ಷಿ. ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆಯ ನೌಕರರು, ಚಿಕ್ಕ ವಯಸ್ಸಲ್ಲಿ ಕ್ಯೂ ಹಿಡಿದವರೇ ಅಲ್ಲ. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಅವರಿಗೂ ಮುಂಚೆ 2006, 2007ರಲ್ಲಿ ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಗೆದ್ದಿದ್ದರು. ಇವರಿಬ್ಬರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಮೂಟೆ ತೂಗೋ ಲೆಕ್ಕದಲ್ಲಿ ಒಂದೋ ಎರಡೋ ಗೆದ್ದವರು ಕಾಣಿಸಲ್ಲ.

2010ರ ಗ್ವಾಂಗ್ಜೌ ಏಷ್ಯನ್ ಗೇಮ್ಸ್‌ನಲ್ಲಿ ಅಡ್ವಾಣಿ ಬಿಲಿಯರ್ಡ್ಸ್ ಚಿನ್ನ ಗೆದ್ದರು. 2014ರಲ್ಲಿ ಈ ಆಟಗಳನ್ನೇ ಅಲ್ಲಿಂದ ಕೈಬಿಟ್ಟರು. ಗೆದ್ದವನ ಮೇಲೆ ಬಂದ ಇನ್ನೊಂದು ರೂಲು ಅನ್ನೋಣವಾ? ಪದಕ ಇಲ್ಲದ ಆಟಕ್ಕೆ ಸರ್ಕಾರದ ಕಣ್ಣು ಬೀಳೋದು ಕಷ್ಟ, ಹಾಗಾಗಿ ಜನಕ್ಕೆ ತಲುಪಿಸೋ ಕೆಲಸ ಪತ್ರಿಕೆಗಳ ಮೇಲೇ ಬೀಳುತ್ತೆ. ಮುಂದಿನ ಸಲ ಅಡ್ವಾಣಿ ಗೆದ್ದಾಗ, ಅಥವಾ ಬೇರೆ ಯಾರೇ ಗೆದ್ದಾಗ, ಕ್ರೀಡಾಪುಟದವರು ಎಷ್ಟನೇದು ಅನ್ನೋದನ್ನ ಕೊನೆಗೆ ಹಾಕಲಿ. ಮೊದಲ ಸಾಲಲ್ಲಿ ಮೂರು ವಿಷಯ ಸಾಕು: ಯಾವ ಫಾರ್ಮ್ಯಾಟು, ಎದುರಿಗೆ ಯಾರು, ದೊಡ್ಡ ಬ್ರೇಕ್ ಎಷ್ಟು. ಅಷ್ಟು ಬರೆದರೆ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ತಿರುವಿಹಾಕೋ ಕೇರಂ ಹುಡುಗನಿಗೂ, ಓಹೋ, ಎದುರಾಳಿಯನ್ನ ಇಷ್ಟು ಹೊತ್ತು ಕುರ್ಚಿಯಲ್ಲೇ ಕೂರಿಸಿದನಾ ಅಂತ ಅರ್ಥವಾಗುತ್ತೆ.