ದಿನಾಚರಣೆಗಳೂ ಇತಿಹಾಸದ ಪಾಠವೂ

ಆಯಾ ತಿಂಗಳಿನ ಐತಿಹಾಸಿಕ ದಿನಗಳನ್ನು ಗುರುತಿಸಿಕೊಂಡು ಪಾಠಗಳನ್ನು ಯೋಜಿಸುವ ಪದ್ಧತಿ ಶಾಲೆಗಳಲ್ಲಿ ಉಂಟು. ದಿನದ ನೆಪದಿಂದ ಮಕ್ಕಳ ಕುತೂಹಲ ಕೆರಳುವುದು ನಿಜವೇ. ಆದರೆ ವಾಚಕರು ಕಿತ್ತೂರಿನ ಪ್ರಸಂಗವನ್ನೊಮ್ಮೆ ಪರಿಶೀಲಿಸಬೇಕು. ಅಕ್ಟೋಬರ್ ಬಂದಿತೆಂದರೆ 1824ರ 23ನೆಯ ದಿನದ ವಿಜಯ, ಥ್ಯಾಕರೆಯ ಮರಣ, ಜಯಘೋಷ. ಪಾಠ ಅಲ್ಲಿಗೆ ಮುಗಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದುದನ್ನು ಯಾರು ಹೇಳಬೇಕು? ಸೋಲಿಗೆ ಉತ್ಸವವಿಲ್ಲ, ಆದುದರಿಂದ ಪಾಠವೂ ಇಲ್ಲ.

ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿ 2ರಂದು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಶಾಲೆಯ ತಿಂಗಳುಗಳ ಕ್ರಮದಲ್ಲಿ ನಡೆದರೆ ಮಗುವಿನ ಪಾಲಿಗೆ ರಾಯಣ್ಣನ ಮರಣವೇ ಮೊದಲು, ರಾಣಿಯದು ಆಮೇಲೆ! ಅದೂ ಗಣರಾಜ್ಯೋತ್ಸವದ ಸಿಹಿ ಹಂಚಿಕೆಯ ನಡುವೆ ರಾಯಣ್ಣನ ನೆನಪಾದರೆ ಮಾತ್ರ.

ಇದಕ್ಕಿಂತ ದೊಡ್ಡ ಲೋಪ ಕಾರಣದ್ದು. ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿದ್ದು, ದತ್ತಕವನ್ನು ಕಂಪನಿ ಒಪ್ಪದಿದ್ದುದು ಕಲಹದ ಮೂಲ. ಅದನ್ನು ಡಾಲ್‌ಹೌಸಿಯ ನೀತಿಯೆಂದು ಬರೆಯಿಸುವುದುಂಟು. ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ! ತಾರೀಖನ್ನೇ ನಂಬಿದ ಪಾಠದಲ್ಲಿ ಇಸವಿಗೇ ಬೆಲೆಯಿಲ್ಲದಾಯಿತು. ಅಧ್ಯಾಪಕ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಮುಂದಿನ ಅಕ್ಟೋಬರಿನಲ್ಲಿ ಪಾಠವನ್ನು ದತ್ತಕದಿಂದ ಆರಂಭಿಸಿ, ಕೋಟೆ ಬೀಳುವವರೆಗೂ ಬಿಡದೆ ನಡೆಸಿ ನೋಡಬಹುದು.