1973-74ರಲ್ಲಿ ಎರಡನೆಯವರು ಯಾರು?

ಕತಾರ್‌ಗಾಮ್‌ನ ನಮ್ಮ ಮನೆಗಳಲ್ಲಿ ರವಿವಾರದ ಚಹಾದೊಡನೆ ಹಳೆಯ ರಣಜಿ ತಂಡಗಳಿಗೆ ಹೊಸದಾಗಿ ಅಂಕ ಕೊಡುವ ಚಟ ಹಬ್ಬಿದೆ. 1973-74ನ್ನೇ ತೆಗೆದುಕೊಳ್ಳೋಣ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ ಪ್ರಸನ್ನ ಅವರ ನಾಯಕತ್ವದಲ್ಲಿ ನಮ್ಮವರು ಮೊದಲ ಸಲ ರಣಜಿ ಟ್ರೋಫಿ ಗೆದ್ದರು.

ಇಲ್ಲಿನ ಬರೋಡಾ ತಂಡ 1957-58ರಲ್ಲಿ ಗೆದ್ದ ಮೇಲೆ 15 ವರ್ಷ ಮುಂಬಯಿಯದೇ ಆಳ್ವಿಕೆ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಅದನ್ನು ಮುರಿದದ್ದು ವಿಶ್ವನಾಥರ 162, ಬ್ರಿಜೇಶ್ ಪಟೇಲರ 106. ಕರ್ನಾಟಕ 385, ಮುಂಬಯಿ 307. ವಾಡೇಕರ್ ಕಾಲು ಜಾರಿ ರನ್‌ಔಟ್ ಆಗದಿದ್ದರೆ ಮುಂಬಯಿಯೇ ಮೊದಲು ಎನ್ನುವವರುಂಟು. ಈ ವಾದ ನಮಗೊಪ್ಪದು. ಜಾರಿದ ಕಾಲೂ ಆಟದ ಭಾಗವೇ.

ಆದರೆ ಎರಡನೆಯ ಸ್ಥಾನ ಯಾರದು? ಫೈನಲ್ ಆಡಿದ್ದು ರಾಜಸ್ಥಾನ. ಅದು ತನ್ನ ಜೈಪುರದಲ್ಲೇ 185 ರನ್ನುಗಳಿಂದ ಸೋತಿತು. ಮುಂಬಯಿ ಸೋತದ್ದು ಪರಸ್ಥಳದಲ್ಲಿ, ಮೊದಲ ಇನ್ನಿಂಗ್ಸಿನ 78 ರನ್ ಹಿನ್ನಡೆಯಿಂದ ಮಾತ್ರ. ಮರುವರ್ಷದ ಫೈನಲ್‌ನಲ್ಲಿ ಮುಂಬಯಿ ನಮ್ಮನ್ನೇ ಸೋಲಿಸಿತು. ಅದನ್ನು ಈ ಲೆಕ್ಕಕ್ಕೆ ಸೇರಿಸುವುದು ಬೇಡ. ಸೇರಿಸದೆಯೂ ನಮ್ಮ ತೀರ್ಪು: ಮುಂಬಯಿ ಎರಡನೆಯದು, ರಾಜಸ್ಥಾನ ಮೂರನೆಯದು.

ದೂರದ ಊರಿನಲ್ಲಿ ಮಕ್ಕಳಿಗೆ ನಮ್ಮ ಗೆಲುವನ್ನು ಹೇಳುವಾಗ ಸೋತವರ ಬಲವನ್ನು ಇಳಿಸಿ ಹೇಳುತ್ತೇವೆ. ಆಗ ಕುಗ್ಗುವುದು ನಮ್ಮ ಗೆಲುವೇ. ಇಲ್ಲಿ ಹುಟ್ಟಿದ ಮಕ್ಕಳು ನಮ್ಮ ಮಾತು ನಂಬಬೇಕಾದರೆ, ಸ್ಕೋರನ್ನು ಪೂರ್ತಿ ಹೇಳೋಣ.