ತಳವನ್ನು ಕಡೆಗೆ ನೋಡಿ

ಹಳೆ ಸಾಮಾನಿನ ಸಂತೆಯಲ್ಲಿ ಜರ್ಮನ್ ಬಿಯರ್ ಸ್ಟೈನ್, ಅಂದರೆ ಹಿಡಿ, ಮುಚ್ಚಳವಿರುವ ಬಿಯರ್ ಲೋಟ, ಕೈಗೆ ಸಿಕ್ಕರೆ ಎಲ್ಲರೂ ಮೊದಲು ಮಾಡುವುದು ಅದನ್ನು ಬೋರಲು ಹಾಕುವ ಕೆಲಸ. ತಳದಲ್ಲೊಂದು ಮುದ್ರೆ, ನಾಲ್ಕು ಅಂಕಿ ಕಂಡರೆ ಸಾಕು, ವ್ಯಾಪಾರಿಯ ದನಿ ಏರುತ್ತದೆ. ನನ್ನ ಕ್ರಮ ತಿರುಗುಮುರುಗು. ಮೊದಲು ಮುಚ್ಚಳ, ಆಮೇಲೆ ಮೈ, ತಳ ಕಡೆಗೆ.

ಮುಚ್ಚಳ ಪ್ಯೂಟರ್‌ನದು. ಅದರಲ್ಲಿ ಬಹುಪಾಲು ತವರ, ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಅದೇ ತವರ. ಮೆತ್ತನೆಯ ಲೋಹವಾದ್ದರಿಂದ ಬಳಕೆಯ ಗುರುತು ಬೇಗ ಬೀಳುತ್ತದೆ. ಹೆಬ್ಬೆರಳಿನಿಂದ ಒತ್ತಿ ಮುಚ್ಚಳ ಎತ್ತುವ ಮೊಗ್ಗು ಸವೆದು ನುಣುಪಾಗಿರಬೇಕು. ಹಿಡಿಯನ್ನು ಅಪ್ಪಿಕೊಂಡ ಪಟ್ಟಿ ಸೀಳಿದೆಯೇ, ಹೊಸ ಬೆಸುಗೆ ಇದೆಯೇ ನೋಡಿ. ಅಂಚು ಬಾಯಿಯ ಮೇಲೆ ಸರಿಯಾಗಿ ಕೂರದಿದ್ದರೆ ಆ ಮುಚ್ಚಳ ಬೇರೆ ಮನೆಯಿಂದ ಬಂದದ್ದಿರಬಹುದು. ಕೆಲವದರ ಮೇಲೆ ಹೆಸರು, ತಾರೀಖು ಕೊರೆದಿರುತ್ತದೆ. ಯಾರದೋ ಹೆಸರಿನ ವಸ್ತು ನಮಗೇಕೆ ಎನ್ನುವವರಿದ್ದಾರೆ. ನನಗೆ ಅಂಥದ್ದೇ ಹೆಚ್ಚು ಇಷ್ಟ.

ಮೈ ವಿಷಯದಲ್ಲಿ ನಾನು ಪಕ್ಷಪಾತಿ. ರೈನ್ ನದಿಯ ಪೂರ್ವಕ್ಕಿರುವ ವೆಸ್ಟರ್‌ವಾಲ್ಡ್ ಸೀಮೆಯ ಬೂದು ಸ್ಟೈನ್ ಕಂಡರೆ ಬಣ್ಣದ ಸ್ಟೈನುಗಳನ್ನು ಬಿಟ್ಟು ಅತ್ತಲೇ ಹೋಗುತ್ತೇನೆ. ಅಲ್ಲಿನ ಕುಂಬಾರರು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಕಾವೇರಿದ ಆವಿಗೆಯೊಳಕ್ಕೆ ಉಪ್ಪು ಎರಚುತ್ತಿದ್ದರು. ಉಪ್ಪಿನ ಸೋಡಿಯಂ ಜೇಡಿಯಲ್ಲಿನ ಸಿಲಿಕಾದೊಂದಿಗೆ ಕೂಡಿ ಗಾಜಿನ ಹೊದಿಕೆಯಾಗುತ್ತಿತ್ತು. ಬೆರಳಾಡಿಸಿದರೆ ಕಿತ್ತಳೆ ಸಿಪ್ಪೆಯಂತೆ ಸಣ್ಣಗೆ ತರಿತರಿ. ಅಷ್ಟು ಕಾವಿಗೂ ಕೆಡದ ಕೋಬಾಲ್ಟ್ ನೀಲಿಯೊಂದೇ ಅಲಂಕಾರಕ್ಕೆ ಸಾಕಾಗುತ್ತಿತ್ತು. ಆದರೆ 19ನೇ ಶತಮಾನದ ಕೊನೆಯಲ್ಲಿ ಹಳೆಯ ಶೈಲಿಗಳ ಗೀಳು ಹಿಡಿದಾಗ, ಇದೇ ಸೀಮೆಯವರು 16ನೇ ಶತಮಾನದ ಮಾದರಿಗಳನ್ನು ಇಸವಿ ಸಮೇತ ಅಚ್ಚು ಹೊಯ್ದರು. ಮೈಮೇಲೆ 1590ರ ದಶಕದ ಇಸವಿ ಉಬ್ಬಿ ನಿಂತಿದ್ದು, ಬಾಯಿಯ ಕೆಳಗೆ ಅರ್ಧ ಲೀಟರಿನ ಗೀರೂ ಇದ್ದರೆ ನಕ್ಕುಬಿಡಿ. ಜರ್ಮನ್ ಸಾಮ್ರಾಜ್ಯಕ್ಕೆ ಲೀಟರು ಕಾಲಿಟ್ಟದ್ದೇ 1872ರಲ್ಲಿ.

ಹೆಚ್ಚು ಬೆಲೆ ಹೇಳುವುದು ಮೆಟ್ಲಾಖ್ ಸ್ಟೈನಿಗೆ. ಸಾರ್ ನದಿಯ ದಂಡೆಯ ಮೆಟ್ಲಾಖ್ ಊರಿನ ಬೆನೆಡಿಕ್ಟೈನ್ ಮಠದ ಕಟ್ಟಡವನ್ನು 1809ರಲ್ಲಿ ಜಾನ್ ಫ್ರಾನ್ಸ್ವಾ ಬಾಖ್ ಕೊಂಡು ಕಾರ್ಖಾನೆ ಮಾಡಿದರು. 1836ರಲ್ಲಿ ಅದು ವಿಲೆರಾಯ್ ಆ್ಯಂಡ್ ಬಾಖ್ ಆಯಿತು. ಕಣ್ಣು ಮುಚ್ಚಿ ಮುಟ್ಟಿ ನೋಡಿ. ಚಿತ್ರದ ಕಪ್ಪು ಗೆರೆಗಳು ಉಗುರಿಗೆ ತಗ್ಗಾಗಿ ಸಿಕ್ಕಿದರೆ ಅದು ಕೊರೆದ ಬಗೆ, ಬಣ್ಣಬಣ್ಣದ ಜೇಡಿಯ ಕೆಲಸ. ಏನೂ ತಡೆಯದೆ ಜಾರಿದರೆ ಹೊಳಪಿನ ಅಡಿ ಅಚ್ಚೊತ್ತಿದ ಅಗ್ಗದ ಬಗೆ. ಅಗ್ಗವೆಂದು ಅಲಕ್ಷ್ಯ ಬೇಡ. ಚಿತ್ರಕಾರ ಹೈನ್ರಿಖ್ ಶ್ಲಿಟ್ ಬರೆದ ಕುಡುಕ ಕುಬ್ಜರ ತುಂಟಾಟ ಅದರಲ್ಲೂ ಸಿಗುತ್ತದೆ.

ರೆಜಿಮೆಂಟಿನ ಸ್ಟೈನುಗಳದು ಬೇರೆಯೇ ಕಥೆ. ಮೊದಲ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಕಡ್ಡಾಯ ಸೇವೆ ಮುಗಿಸಿದ ಸೈನಿಕ ತನ್ನ ಹೆಸರು, ದಳ, ಸೇವೆಯ ವರ್ಷಗಳನ್ನು ಬರೆಸಿ ಮನೆಗೆ ಒಯ್ಯುತ್ತಿದ್ದ. ಜೊತೆಗಾರರ ಪಟ್ಟಿಯೂ ಅದರಲ್ಲೇ. ಹೆಚ್ಚು ನಕಲಾದವೂ ಇವೇ. ಲೆಕ್ಕ ಹಾಕಿ: 1893ರಿಂದ ಕಾಲಾಳಿಗೆ ಎರಡು ವರ್ಷ, ಅಶ್ವದಳಕ್ಕೆ ಮೂರು. ಕಾಲಾಳಿನ ಸ್ಟೈನಿನ ಮೇಲೆ 1909–1912 ಎಂದಿದ್ದರೆ ಅನುಮಾನಪಡಿ. ಪಿಂಗಾಣಿಯದಾದರೆ ಒಳಗಿನಿಂದ ಇಣುಕಿ ತಳವನ್ನು ಬೆಳಕಿಗೆ ಹಿಡಿಯಿರಿ, ಅದರ ದಪ್ಪ ತೆಳುವಿನಲ್ಲೇ ಚಿತ್ರ ಮೂಡುತ್ತದೆ. ಅಸಲಿನಲ್ಲಿ ಪ್ರಿಯತಮೆಯಿಂದ ಬೀಳ್ಕೊಳ್ಳುವ ಸೈನಿಕನೋ ಹೆಂಡದಂಗಡಿಯ ನೋಟವೋ ಸಿಗಬಹುದು. ಬೆತ್ತಲೆ ಹೆಂಗಸು ಕಂಡರೆ ನಂತರದ ನಕಲು ಎಂದೇ ತಿಳಿಯಿರಿ.

ಈಗ ಬೋರಲು ಹಾಕಿ. ತಳದ ಉಂಗುರ ಸವೆದಿದೆಯೇ ಎಂದು ನೋಡಿ, ಆಮೇಲೆ ಓದಿ. ಮೆಟ್ಲಾಖ್‌ನ ಗೋಪುರದ ಮುದ್ರೆಯ ಹತ್ತಿರ 1909 ಎಂದಿದ್ದರೆ ಅದು ಇಸವಿಯಲ್ಲ, ಅಚ್ಚಿನ ಸಂಖ್ಯೆ. ಈ ಒಂದು ಅಂಕಿಗೆ ಎಷ್ಟು ಜನ ಬೀಳುತ್ತಾರೋ! ಇಸವಿ ಬೇಕೆಂದರೆ ಬೇರೆಯಾಗಿ ಒತ್ತಿದ ಎರಡಂಕಿ ಹುಡುಕಿ. 03 ಅಂದರೆ 1903. ‘ಗೆಸ್. ಗೆಶ್.’ ಎಂಬುದು ತಯಾರಕರ ಹೆಸರಲ್ಲ, ವಿನ್ಯಾಸಕ್ಕೆ ಕಾನೂನಿನ ರಕ್ಷಣೆಯಿದೆ ಎಂಬ ಸೂಚನೆ. ಇಂಗ್ಲಿಷಿನಲ್ಲಿ ‘ಮೇಡ್ ಇನ್ ಜರ್ಮನಿ’ ಎಂದಿದ್ದರೆ ರಫ್ತಿನ ಸರಕು. ಆಮದಾಗುವ ವಸ್ತುವಿನ ಮೇಲೆ ಮೂಲ ದೇಶದ ಹೆಸರು ಇರಬೇಕೆಂದು ಅಮೆರಿಕದ 1890ರ ಸುಂಕ ಕಾಯ್ದೆ ಹೇಳಿತ್ತು. ಹಾಗೆಂದು ಈ ಬರಹ ಇಲ್ಲದ್ದೆಲ್ಲ ಅದಕ್ಕಿಂತ ಹಳೆಯದಲ್ಲ. ತಮ್ಮೂರಲ್ಲೇ ಮಾರುವ ಸ್ಟೈನಿಗೆ ಇಂಗ್ಲಿಷು ಯಾರಿಗೆ ಬೇಕಿತ್ತು? ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ಕ್ಕಿಂತ ಹಿಂದಿನದಂತೂ ಅಲ್ಲ. ಅದಕ್ಕೆ ಪ್ರಾಚೀನ ವಸ್ತುವಿನ ದುಡ್ಡು ಕೊಡಬೇಡಿ. ಬಿಯರ್ ಕುಡಿಯಲು ಏನೂ ಅಡ್ಡಿಯಿಲ್ಲ.